ಜರ್ಮನಿಗೆ ಕಳಿಸಿದ ದುಡ್ಡು ಕಡಿಮೆ ಮುಟ್ಟಿದೆ, ಏನು ಮಾಡಬೇಕು?

ಕಾಫಿತೋಟ_ಮೂಡಿಗೆರೆ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಜರ್ಮನಿಯಲ್ಲಿ ಎಂಎಸ್ ಸೀಟು ಸಿಕ್ಕಿದೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ಒಂದು ವರ್ಷಕ್ಕೆ 11,904 ಯೂರೋ ತೋರಿಸಬೇಕು, ತಿಂಗಳಿಗೆ 992ರ ಲೆಕ್ಕ. ಚಿಕ್ಕಮಗಳೂರಿನ ಬ್ಯಾಂಕಿನಲ್ಲಿ ಹೊರದೇಶಕ್ಕೆ ದುಡ್ಡು ಕಳಿಸುವ ಎ2 ಫಾರಂ, ಪಾನ್, ಅಡ್ಮಿಷನ್ ಪತ್ರ ಎಲ್ಲ ಕೊಟ್ಟು ಸರಿಯಾಗಿ ಅಷ್ಟೇ ಯೂರೋ ಕಳಿಸಿದೆವು. ಕಮಿಷನ್, ಜಿಎಸ್‌ಟಿ ಬೇರೆಯಾಗಿ ಖಾತೆಯಿಂದ ಮುರಿದುಕೊಂಡರು. ಆದರೂ ಅಲ್ಲಿ ಇಪ್ಪತ್ತು ಚಿಲ್ಲರೆ ಯೂರೋ ಕಡಿಮೆ ಬಂದಿದೆ. ಪೂರ್ತಿ ಮೊತ್ತ ಬರದೆ ಅಕೌಂಟ್‌ನವರು ವೀಸಾ ಪತ್ರ ಕೊಡುತ್ತಿಲ್ಲ. ಬ್ಯಾಂಕಿನವರನ್ನು ಕೇಳಿದರೆ "ನಾವು ಪೂರ್ತಿ ಕಳಿಸಿದ್ದೇವೆ" ಅನ್ನುತ್ತಾರೆ. ಹಾಗಾದರೆ ಅದು ಎಲ್ಲಿ ಹೋಯಿತು? ಮುಂದೆಯೂ ಕಳಿಸುತ್ತಿರಬೇಕು, ಈ ಸಲದ ಕಾಫಿ ದುಡ್ಡು ಪೂರ್ತಿ ಇದಕ್ಕೇ ಇಟ್ಟಿದ್ದೇವೆ, ಸುಮ್ನೆ ದಾರಿಯಲ್ಲಿ ಸೋರಿಹೋದರೆ ಹೊಟ್ಟೆ ಉರಿಯುತ್ತದೆ.

ಹಾಸನದ_ನಿವೃತ್ತ_ಬ್ಯಾಂಕಿಗ:
ಸಾರ್, ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ಹೇಳಿಲ್ಲ. ಇಂಥದ್ದಕ್ಕೆ ಬಳಸುವ ಸ್ವಿಫ್ಟ್ ಅಂದರೆ ಬ್ಯಾಂಕಿಂದ ಬ್ಯಾಂಕಿಗೆ ಹೋಗುವ ಸಂದೇಶ ಅಷ್ಟೇ, ದುಡ್ಡು ಅದರಲ್ಲಿ ಹೋಗುವುದಿಲ್ಲ. ನಿಮ್ಮ ಬ್ಯಾಂಕಿಗೂ ಆ ಜರ್ಮನ್ ಬ್ಯಾಂಕಿಗೂ ನೇರ ಖಾತೆ ಇಲ್ಲದಿದ್ದರೆ ನಡುವೆ ಒಂದೋ ಎರಡೋ ಬೇರೆ ಬ್ಯಾಂಕ್ ಬರುತ್ತವೆ, ಅವು ತಮ್ಮ ಚಾರ್ಜನ್ನು ಹೋಗುತ್ತಿರುವ ಮೊತ್ತದಲ್ಲೇ ಹಿಡಿದುಕೊಳ್ಳುತ್ತವೆ. ಫಾರಂನಲ್ಲಿ ಚಾರ್ಜ್ ಯಾರ ಮೇಲೆ ಅಂತ ಒಂದು ಕಾಲಂ ಇರುತ್ತದೆ, ನೋಡಿ. ಎಸ್‌ಎಚ್‌ಎ ಅಂತಿದ್ದರೆ ಇಲ್ಲಿನದು ನಿಮಗೆ, ಆಚೆಯದು ಪಡೆಯುವವರಿಗೆ. ಓಯುಆರ್ ಅಂತಿದ್ದರೆ ಎಲ್ಲವೂ ಕಳಿಸುವವರಿಗೆ. ವೀಸಾ, ಫೀಸು ಇಂಥದ್ದಕ್ಕೆ ಓಯುಆರ್ ಅಂತಲೇ ಬರೆಸಬೇಕು, ಕೌಂಟರ್‌ನಲ್ಲಿ ಇದನ್ನು ಅವರೇ ಕೇಳಬೇಕಿತ್ತು.

ಮೊದಲು ಸ್ವಿಫ್ಟ್ ಕಾಪಿ ಕೇಳಿ. ಅದರಲ್ಲಿ ಯುಇಟಿಆರ್ ಅನ್ನುವ ಟ್ರ್ಯಾಕಿಂಗ್ ನಂಬರ್ ಇರುತ್ತದೆ, ಯಾವ ಬ್ಯಾಂಕ್ ಎಷ್ಟು ಹಿಡಿದಿದೆ ಅಂತ ಅದರ ಮೇಲೆ ಪತ್ತೆ ಮಾಡಿಸಬಹುದು. ನೀವು ಓಯುಆರ್ ಕೊಟ್ಟಿದ್ದೂ ಹಿಡಿದಿದ್ದರೆ ಬರಹದಲ್ಲಿ ದೂರು ಕೊಡಿ. ಕಡಿಮೆ ಬಿದ್ದದ್ದನ್ನು ಮಾತ್ರ ತಡ ಮಾಡದೆ ಸ್ವಲ್ಪ ಜಾಸ್ತಿಯೇ ಸೇರಿಸಿ ಕಳಿಸಿ.

ಬೇಲೂರು_ಹುಡುಗ:
ಅಣ್ಣಾ, ಇಷ್ಟೆಲ್ಲ ಯಾಕೆ? ಜರ್ಮನಿಯಲ್ಲಿರುವ ನಮ್ಮ ಕಡೆಯವರು ಯಾರಾದರೂ ಅಲ್ಲಿ ಯೂರೋ ಹಾಕಲಿ, ನೀವು ಇಲ್ಲಿ ಅವರ ಅಪ್ಪ ಅಮ್ಮನಿಗೆ ರೂಪಾಯಿ ಕೊಡಿ. ಚಾರ್ಜೇ ಇಲ್ಲ. ಎಷ್ಟೋ ಜನ ಹೀಗೇ ಮಾಡುತ್ತಾರೆ.

ಹಾಸನದ_ನಿವೃತ್ತ_ಬ್ಯಾಂಕಿಗ:
ದಯವಿಟ್ಟು ಬೇಡಪ್ಪ. ಹವಾಲಾ ನಡೆಯುವುದೂ ಹೀಗೇ. ಅಲ್ಲಿ ಕೊಟ್ಟದ್ದಕ್ಕೆ ಬದಲು ಇಲ್ಲಿ ಕೊಡುವುದು 1999ರ ಫೆಮಾ (ವಿದೇಶಿ ವಿನಿಮಯ) ಕಾಯ್ದೆಯ 3ನೇ ಸೆಕ್ಷನ್‌ಗೆ ವಿರುದ್ಧ, ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಓದಲು ಹೊರಟ ಹುಡುಗಿಯ ದಾಖಲೆಯಲ್ಲಿ ಇಂಥದ್ದು ಸೇರುವುದು ಬೇಡ.

ಮಗ_ಕೆನಡಾದಲ್ಲಿ_ಚಿಕ್ಕಮಗಳೂರು:
ನನ್ನ ಮಾತು ಕೇಳಿ, ದೊಡ್ಡ ಖರ್ಚು ಚಾರ್ಜ್ ಅಲ್ಲ, ರೇಟು. ಯೂರೋಗೆ ಒಂದು ರೂಪಾಯಿ ಜಾಸ್ತಿ ಹಾಕಿದರೂ ನಿಮ್ಮ ಮೊತ್ತಕ್ಕೆ 11,904 ರೂಪಾಯಿ ಹೋಯಿತಲ್ವಾ! ಅದರ ಮುಂದೆ ಜಿಎಸ್‌ಟಿ ಏನೂ ಅಲ್ಲ, 10 ಲಕ್ಷ ರೂಪಾಯಿ ಬದಲಾಯಿಸಿದರೆ 990 ರೂಪಾಯಿ ಬೀಳುತ್ತದೆ ಅಷ್ಟೇ. "ಕಮಿಷನ್ ಇಲ್ಲ" ಅನ್ನುವವರು ಆ ದುಡ್ಡನ್ನು ರೇಟಿನೊಳಗೇ ಸೇರಿಸಿರಬಹುದು. ನಾನು ಒಂದೇ ಹೊತ್ತಿನಲ್ಲಿ ಎರಡು ಮೂರು ಕಡೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತೇನೆ: ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ, ಅಲ್ಲಿ ಎಷ್ಟು ಮುಟ್ಟುತ್ತದೆ? ಉತ್ತರ ಮೇಲ್‌ನಲ್ಲಿ ಕಳಿಸಿ ಅನ್ನುತ್ತೇನೆ. ದೊಡ್ಡ ಮೊತ್ತವಾದರೆ ರೇಟಿನಲ್ಲಿ ಚೌಕಾಸಿ ಮಾಡಿ, ಇಳಿಸುತ್ತಾರೆ. ನಾಚಿಕೆ ಪಡಬೇಡಿ.

ಅರಸೀಕೆರೆ_ಲೆಕ್ಕ:
ಟಿಸಿಎಸ್, ಅಂದರೆ ಹೊರದೇಶಕ್ಕೆ ಕಳಿಸುವಾಗ ಬ್ಯಾಂಕ್ ಮೊದಲೇ ಹಿಡಿಯುವ ಆದಾಯ ತೆರಿಗೆ, ಅದರ ಬಗ್ಗೆ ಯಾರೂ ಹೇಳಿಲ್ಲ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಅದು ಇಲ್ಲ, ಮೇಲಿನದಕ್ಕೆ ಮಾತ್ರ ಬೀಳುತ್ತದೆ. ಬ್ಯಾಂಕಿನ ಎಜುಕೇಶನ್ ಲೋನ್ ದುಡ್ಡಾದರೆ ಪೂರ್ತಿ ಮಾಫಿ. ಫಾರಂನಲ್ಲಿ ಉದ್ದೇಶ ಓದಿಗೆ ಅಂತಲೇ ಇರಲಿ, ಬೇರೆ ಕೋಡ್ ಹಾಕಿದರೆ ದರ ಜಾಸ್ತಿ. ಹಿಡಿದ ಟಿಸಿಎಸ್ ಕಳೆದುಹೋಗುವುದಿಲ್ಲ, ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಕಾಣುತ್ತದೆ. ಆದರೆ ತೋಟದ ಆದಾಯ ತಾನೇ ಅಂತ ರಿಟರ್ನ್ ಹಾಕದೆ ಕೂತರೆ ವಾಪಸ್ ಬರುವುದಿಲ್ಲ. ನಮ್ಮ ಕಡೆ ಬೆಳೆಗಾರರು ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ನೋಡಿದರೆ ಬೇಸರವಾಗುತ್ತದೆ.

ಕಾಫಿತೋಟ_ಮೂಡಿಗೆರೆ:
ತುಂಬಾ ಉಪಕಾರವಾಯಿತು. ಫಾರಂ ನೋಡಿದೆ, ಎಸ್‌ಎಚ್‌ಎ ಅಂತಲೇ ಇದೆ. ಮುಂದಿನ ಕಂತು ಮನೆಯವರ ಹೆಸರಲ್ಲಿ ಕಳಿಸಬಹುದಾ?

ಹಾಸನದ_ನಿವೃತ್ತ_ಬ್ಯಾಂಕಿಗ:
ಆಗುತ್ತದೆ ಸಾರ್. ಎಲ್‌ಆರ್‌ಎಸ್‌ನಲ್ಲಿ (ಹೊರದೇಶಕ್ಕೆ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟಿರುವ ಸೌಲಭ್ಯ) ವರ್ಷಕ್ಕೆ 2,50,000 ಡಾಲರ್ ಮಿತಿ ಇರುವುದು ಒಬ್ಬೊಬ್ಬರಿಗೆ, ಟಿಸಿಎಸ್ ಬೀಳದ ಆ 10 ಲಕ್ಷವೂ ಹಾಗೇ. ಅವರ ಖಾತೆಯಿಂದ, ಅವರದೇ ಪಾನ್ ಮೇಲೆ ಹೋಗಬೇಕು. ಐಬಾನ್, ಅಂದರೆ ಅಲ್ಲಿನ ಖಾತೆ ನಂಬರ್, ಒಂದೊಂದೇ ಅಕ್ಷರ ಓದಿ ನೋಡಿ, ಜರ್ಮನಿಯದು ಡಿಇ ಇಂದ ಶುರುವಾಗಿ ಒಟ್ಟು 22 ಇರಬೇಕು. ಮಗಳ ರೆಫರೆನ್ಸ್ ನಂಬರ್ ಬರೆಸುವುದು ಮರೆಯಬೇಡಿ, ಅದಿಲ್ಲದಿದ್ದರೆ ದುಡ್ಡು ಯಾರದೆಂದು ಅವರಿಗೆ ಗೊತ್ತಾಗದೆ ನಿಂತುಬಿಡಬಹುದು.