ಸಹಾಯ ಬೇಕು: ಅವರೆ ಬಳ್ಳಿಯ ಹೇನಿನ ಮಧ್ಯೆ ಹಸಿರು ಹುಳು, ಬೇವಿನೆಣ್ಣೆ ಹೊಡೆಯಲಾ ಬೇಡವಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ ನಾಲ್ಕು ಅವರೆ ಬಳ್ಳಿ ಹಾಕಿದ್ದೇನೆ. ಸರಿಯಾಗಿ ಹೂ ಬಿಡುವ ಹೊತ್ತಿಗೆ ಕುಡಿಗಳಿಗೆಲ್ಲ ಕರಿ ಹೇನು ಮೆತ್ತಿಕೊಂಡಿದೆ. ಅದರ ಸಿಹಿ ಅಂಟಿಗೆ ಇರುವೆ ಸಾಲು ಬೇರೆ.

ಮೊದಲು ಪೈಪಿನಲ್ಲಿ ಜೋರಾಗಿ ನೀರು ಹೊಡೆದೆ. ಎರಡೇ ದಿನಕ್ಕೆ ಮತ್ತೆ ಅಷ್ಟೇ. ಆಮೇಲೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಚೂರು ಸೋಪಿನ ನೀರು ಸೇರಿಸಿ ಎರಡು ಬಳ್ಳಿಗೆ ಸಂಜೆ ಸಿಂಪಡಿಸಿದೆ. ಹೇನು ಕಡಿಮೆಯಾಯಿತು.

ಉಳಿದೆರಡಕ್ಕೆ ಹೊಡೆಯಲು ಹೋದರೆ ಕೈ ಬರಲಿಲ್ಲ. ಹೇನಿನ ಗುಂಪಿನಲ್ಲೇ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ, ಕಾಲಿಲ್ಲದ ಹಸಿರು ಹುಳು. ಬೆನ್ನ ಮೇಲೆ ಬಿಳಿ ಗೀರು. ಒಂದು ಹೇನನ್ನು ಕಚ್ಚಿ ಮೇಲಕ್ಕೆತ್ತಿ ಹೀರಿತು, ಖಾಲಿ ಸಿಪ್ಪೆ ಬಿಸಾಕಿ ಇನ್ನೊಂದಕ್ಕೆ ಬಾಯಿ ಹಾಕಿತು. (ಕಾಫಿ ಆರಿಹೋಗುವವರೆಗೂ ನೋಡುತ್ತಾ ನಿಂತಿದ್ದೆ!) ಪಕ್ಕದ ಕೊತ್ತಂಬರಿ ಹೂವಿನ ಮೇಲೆ ಹಳದಿ-ಕಪ್ಪು ಪಟ್ಟೆಯ ನೊಣಗಳು ಗಾಳಿಯಲ್ಲಿ ನಿಂತಲ್ಲೇ ನಿಂತು ಹಾರುತ್ತಿರುತ್ತವೆ. ಜೇನು ಅಂದುಕೊಂಡಿದ್ದೆ. ಆದರೆ ಎರಡೇ ರೆಕ್ಕೆ, ದೊಡ್ಡ ಕಣ್ಣು. ಹೋವರ್‌ಫ್ಲೈ ಅಂತಾರಲ್ಲ, ಅದೇ ಇರಬೇಕು. ಈ ಹುಳು ಅದರದೇ ಮರಿ ಅಂತ ನನ್ನ ಲೆಕ್ಕ.

ಗೊಂದಲ ಇಷ್ಟೇ. ಎಣ್ಣೆ ಹೊಡೆದರೆ ಮರಿಗಳಿಗೂ ತೊಂದರೆ ಅಲ್ವಾ? ಸುಮ್ನೆ ಬಿಟ್ಟರೆ ಹೂ ಉದುರಿ ಕಾಯಿ ಸಿಗಲ್ಲ. ಎರಡು ಬಳ್ಳಿಯಲ್ಲಿ ಹುಡುಕಿದರೆ ಏಳು ಮರಿ ಸಿಕ್ಕವು, ಹೇನು ಮಾತ್ರ ಲೆಕ್ಕವಿಲ್ಲ.

ಅವರೆ ಬೆಳೆದ ಅನುಭವ ಇರುವವರು ದಯವಿಟ್ಟು ಹೇಳಿ: ಈ ಏಳು ಮರಿಗಳನ್ನೇ ನಂಬಿ ಎಷ್ಟು ದಿನ ಕಾಯಬಹುದು? ಅಲ್ಲಿಯವರೆಗೆ ಇರುವೆ ಹತ್ತದ ಹಾಗೆ ತಡೆದರೆ ಸಾಕಾ, ಅಥವಾ ಮರಿ ಇಲ್ಲದ ಕುಡಿಗಳಿಗೆ ಮಾತ್ರ ಎಣ್ಣೆ ಹಚ್ಚಲಾ?