ಹಳೇ ಬ್ಯಾಚ್ ಗುಂಪಿನ್ಯಾಗ ವಿಡಿಯೋನಾಲೆ ಜಗಳ

ಶಿವು: ಮ್ಯಾಲಿನ ಲಿಂಕ್ ಓದ್ರಿ ಎಲ್ಲಾರೂ. ಜರ್ಮನಿಯ ಬಾನ್ ಊರಾಗ 1984ರಾಗ ಮೂರು ಮಂದಿ ವಿದ್ಯಾರ್ಥಿಗಳು ಕೂಡಿ ಶುರು ಮಾಡಿದ ವಿಡಿಯೋ ಕಲಾ ಉತ್ಸವ, ವಿಡಿಯೋನಾಲೆ. ಎರಡು ವರ್ಷಕ್ಕೊಮ್ಮೆ ಇನ್ನೂ ನಡೀತೈತಿ. ನಾವು ಗ್ಯಾದರಿಂಗ್ ಬಿಟ್ಟು ಏನು ಮಾಡಿದ್ವಿ? ಧಾರವಾಡದಾಗ ನಾವೂ ಹಂಗ ಒಂದು ಮಾಡೂಣೇನು?

ವೀರೇಶ: ಅದು ಜರ್ಮನಿ ಪಾ. ಆಗ ಬಾನ್ ಅಂದ್ರ ಪಶ್ಚಿಮ ಜರ್ಮನಿ ರಾಜಧಾನಿ. ಸರ್ಕಾರನ ಬಾಜೂಕ ಕುಂತಿತ್ತು, ರೊಕ್ಕಕ್ಕೇನು ಕಡಿಮಿ?

ಸುಜಾತಾ: ರಾಜಧಾನಿ ಖರೆ, ಊರು ಸಣ್ಣದು. ಅಲ್ಲಿಯ ದೊಡ್ಡ ಮ್ಯೂಸಿಯಂ, ಕುನ್ಸ್ಟ್‌ಮ್ಯೂಸಿಯಂ, ಅದರಾಗ ನಡ್ಯಾಕ ಹತ್ತಿದ್ದು 2005ರಿಂದ. ಅಲ್ಲೀತನಾ 21 ವರ್ಷ ಹ್ಯಾಂಗ ನಡಸ್ಯಾರ ಅಂತ ಕೇಳು.

ವೀರೇಶ: ಇರ್ಲಿ ಅಕ್ಕಾ. ವಿಡಿಯೋ ಆರ್ಟ್ ಅಂದ್ರರ ಏನು? ಕಥಿ ಇಲ್ಲ, ಹಾಡಿಲ್ಲ. ನಮ್ಮ ಹುಡುಗ್ರು ದಿನಾ ರೀಲ್ಸ್ ಮಾಡ್ತಾರ, ಅದೂ ವಿಡಿಯೋನ!

ಸುಜಾತಾ: ಪೋಖ್ರಾನ್ ಸ್ಫೋಟ ಆದ 1998ರಾಗ ನಮ್ಮ ದೇಶದ ಕಲಾವಿದೆ ನಳಿನಿ ಮಲಾನಿ ಒಂದು ವಿಡಿಯೋ ಕೆಲಸ ಶುರು ಮಾಡಿದ್ರು. ತಗಡಿನ ಟ್ರಂಕಿನ್ಯಾಗ ಟಿವಿ. ಎದುರುಬದುರು ಗೋಡಿಮ್ಯಾಲೆ ಇಬ್ಬರು ಹೆಣ್ಣಮಕ್ಕಳು, ಒಬ್ಬಾಕಿ ಭಾರತದಾಕಿ, ಒಬ್ಬಾಕಿ ಪಾಕಿಸ್ತಾನದಾಕಿ, ಕೂಡಿ ಒಂದ ಸೀರಿ ಮಡಚಾಕ ನೋಡ್ತಾರ. ನಡುವ ನೀ ನಿಂತಿರ್ತಿ. ಅದನ್ನ ರೀಲ್ಸ್ ಹಂಗ ಬೆರಳಿಂದ ಮ್ಯಾಲೆ ಸರಸಾಕ ಬರಂಗಿಲ್ಲ ವೀರೇಶಾ.

ಶಕೀಲ್: ಕಲಾ ಗಿಲಾ ನೀವು ನೋಡ್ಕೋರಿ, ನಾ ಸೌಂಡಿನವ. ಒಂದ ಹಾಲ್‌ನ್ಯಾಗ ನಾಲ್ಕು ಪ್ರೊಜೆಕ್ಟರ್ ಹಚ್ಚಿದ್ರ ನಾಲ್ಕರ ಸೌಂಡೂ ಕಲಸಿ ಗದ್ದಲ ಆಗತೈತಿ. ನಡುವ ದಪ್ಪನ ಕರೀ ಪರದೆ, ಇಲ್ಲಾಂದ್ರ ಹೆಡ್‌ಫೋನ್. ಮುಗದ ಕೂಡ್ಲೆ ತಾನ ಮೊದಲಿಂದ ಶುರು ಆಗಬೇಕು, ಅಂದ್ರ ಲೂಪ್. ಮಂದಿ ಯಾವಾಗ ಬೇಕಾದ್ರೂ ಬರ್ತಾರ, ಯಾವಾಗ ಬೇಕಾದ್ರೂ ಹೊಂಡತಾರ. ಕುರ್ಚಿ ಸಾಲು ಬ್ಯಾಡ. ಉದ್ಘಾಟನಾ ಭಾಷಣ ಅಂತೂ ಬ್ಯಾಡೇ ಬ್ಯಾಡ.

ಶಿವು: ಭಾಷಣ ಇಲ್ಲದ ಕಾರ್ಯಕ್ರಮ, ಅದೂ ಧಾರವಾಡದಾಗ! 😂

ವೀರೇಶ: ನೋಡಾಕ ಬರೋರು ಯಾರು? ಸಂಗೀತ ಅಂದ್ರ ಇಲ್ಲಿ ಮಂದಿ ರಾತ್ರಿಯೆಲ್ಲಾ ಕೂಡ್ತಾರ. ಇದಕ್ಕ?

ಸುಜಾತಾ: ಸಂಗೀತಕ್ಕ ಕಿವಿ ಒಂದ ದಿನದಾಗ ಬಂದಾವೇನು? ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲ್ವೇದಾಗ ಹೋಗಿ ಸವಾಯಿ ಗಂಧರ್ವರ ಮುಂದ ಕುಂತು ಕಲ್ತರು. ಆಗ ಯಾರು ಮಂದಿ ಎಣಿಸಿದ್ರು?

ವೀರೇಶ: ಅದಕ್ಕೂ ಇದಕ್ಕೂ ಹೋಲಿಸಬ್ಯಾಡ್ರಿ ಅಕ್ಕಾ.

ಸುಜಾತಾ: ಹೋಲಸಾಕತ್ತಿಲ್ಲ. ನೀ ಮಂದಿ ಲೆಕ್ಕ ಕೇಳಿದಿ, ಹೇಳಿದೆ.

ಶಕೀಲ್: ಎರಡು ಪ್ರೊಜೆಕ್ಟರ್ ನಂದು, ಬಾಡಿಗಿ ಬ್ಯಾಡ. ಪರದೆ ವೀರೇಶನ ಅಂಗಡಿದು.

ವೀರೇಶ: ಏ, ನಾ ಯಾವಾಗ ಹೂಂ ಅಂದೆ? ಪುಕ್ಕಟ ಕೊಡಾಂಗಿಲ್ಲ ನೋಡು. ಅಸಲಿಗೆ ಹಾಕಿಕೊಡ್ತೀನಿ.

ವೀರೇಶ: ಎಷ್ಟು ಮೀಟರ್ ಬೇಕು?