ಅಮೆರಿಕದ ಹಳೆ ಫೋನ್ ‘ಅನ್‌ಲಾಕ್’ ಆಗಿದೆಯಂತೆ, ನಮ್ಮೂರ ಟವರ್ ಹಿಡಿಯುತ್ತಾ?

ಪ್ರಶ್ನೆ (ಹೊಸನಗರ ತಾಲ್ಲೂಕು, ನಗರ ಎಂಬ ಊರಿನ ಹತ್ತಿರದಿಂದ):

ಅಣ್ಣಾ, ನಮಸ್ಕಾರ. ನಮ್ಮ ಭಾವ ಅಮೆರಿಕದಲ್ಲಿದ್ದಾರೆ, ಮುಂದಿನ ತಿಂಗಳು ಊರಿಗೆ ಬರ್ತಾರೆ. ಅಲ್ಲಿ ಅವರ ಪರಿಚಯದವರ ಹತ್ತಿರ ಒಂದು ಐಫೋನ್ 11 ಇದೆ, ಕಡಿಮೆಗೆ ಕೊಡುತ್ತಾರಂತೆ. ‘ಅನ್‌ಲಾಕ್ ಆಗಿದೆ, ಯಾವ ಸಿಮ್ ಬೇಕಾದರೂ ಹಾಕಿಕೊಳ್ಳಿ’ ಅಂದಿದ್ದಾರೆ. ಅಪ್ಪನಿಗೆ ತರಿಸೋಣ ಅಂತ ನನ್ನ ಆಸೆ. ಅಪ್ಪ ಬೆಳಗಾದರೆ ತೋಟಕ್ಕೆ ಹೋದವರು ಮಧ್ಯಾಹ್ನ ಊಟಕ್ಕೇ ಬರೋದು, ವಯಸ್ಸಾಗಿದೆ, ಕೈಯಲ್ಲಿ ಒಂದು ಒಳ್ಳೆ ಫೋನ್ ಇದ್ದರೆ ನಮಗೂ ಧೈರ್ಯ. ನಮ್ಮ ಮನೆ ಹತ್ತಿರ ಸಿಗೋದು ಬಿಎಸ್‌ಎನ್‌ಎಲ್ ಒಂದೇ, ಅದೂ ಗುಡ್ಡದ ಮೇಲೆ ಹೊಸ ಟವರ್ ಬಂದ ಮೇಲೆ. ಜಿಯೋ ಬೇಕು ಅಂದರೆ ರಸ್ತೆ ತನಕ ನಡೀಬೇಕು. ತರಿಸಬಹುದಾ? ತಂದ ಮೇಲೆ ವಾಪಸ್ ಕಳಿಸೋಕಾಗಲ್ಲ, ಅದಕ್ಕೆ ಮೊದಲೇ ಕೇಳುತ್ತಿದ್ದೇನೆ.

ಉತ್ತರ (ಶಿವಮೊಗ್ಗ, ದುರ್ಗಿಗುಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ):

ಅಕ್ಕಾ, ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನನ್ನ ಅಂಗಡಿಗೆ ಇಂಥ ಫೋನ್ ಬರುವುದೆಲ್ಲ ತಂದಾದ ಮೇಲೆ.

ಅನ್‌ಲಾಕ್ ಅಂದರೆ ಬೀಗ ತೆಗೆದಿದೆ, ಅಷ್ಟೇ. ಅಮೆರಿಕದಲ್ಲಿ ಕಂಪನಿಯವರು ಕಂತಿನ ಮೇಲೆ ಫೋನ್ ಕೊಟ್ಟು, ಕಂತು ಮುಗಿಯುವ ತನಕ ತಮ್ಮ ಸಿಮ್ ಬಿಟ್ಟು ಬೇರೆ ಸಿಮ್ ನಡೆಯದ ಹಾಗೆ ಬೀಗ ಹಾಕಿಡುತ್ತಾರೆ. ಆ ಬೀಗ ಹೋದರೆ ನಿಮ್ಮ ಸಿಮ್ಮನ್ನು ಫೋನ್ ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಗುಡ್ಡದ ಟವರ್ ಯಾವ ಬ್ಯಾಂಡಿನಲ್ಲಿ, ಅಂದರೆ ರೇಡಿಯೋ ತರಂಗದ ಯಾವ ಪಟ್ಟಿಯಲ್ಲಿ, ಸಿಗ್ನಲ್ ಬಿಡುತ್ತಿದೆಯೋ ಆ ಬ್ಯಾಂಡ್ ಫೋನಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಬೀಗ ಇಲ್ಲದ ಫೋನೂ ‘ನೋ ಸರ್ವಿಸ್’ ಅಂತಲೇ ತೋರಿಸುತ್ತದೆ.

ಬಿಎಸ್‌ಎನ್‌ಎಲ್ 4ಜಿ ಮುಖ್ಯವಾಗಿ ಎರಡು ಬ್ಯಾಂಡಿನಲ್ಲಿದೆ. 700 ಮೆಗಾಹರ್ಟ್ಸ್, ಇದಕ್ಕೆ ಬ್ಯಾಂಡ್ 28 ಅನ್ನುತ್ತಾರೆ. ಇನ್ನೊಂದು 2100, ಅದು ಬ್ಯಾಂಡ್ 1. ನಮ್ಮ ಕಡೆಯವರಿಗೆ ಬೇಕಾದ್ದು ಆ 28. ಕಡಿಮೆ ಮೆಗಾಹರ್ಟ್ಸಿನ ಸಿಗ್ನಲ್ ದೂರ ಹೋಗುತ್ತದೆ, ಮರ, ಗೋಡೆ ದಾಟಿಯೂ ಅಷ್ಟಿಷ್ಟು ಉಳಿಯುತ್ತದೆ. 2100, 2300 ಎಲ್ಲ ಪೇಟೆಗೆ ಚೆನ್ನ, ಆದರೆ ಮಳೆಗಾಲದಲ್ಲಿ ಒದ್ದೆ ಸೊಪ್ಪು ತುಂಬಿದ ಕಾಡಿನ ನಡುವೆ ಬೇಗ ಸೊರಗುತ್ತವೆ.

ಈಗ ನಿಮ್ಮ ಭಾವನಿಗೆ ಹೀಗೆ ಹೇಳಿ. ಆ ಫೋನಿನ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಲಿ. ಅಲ್ಲಿ ‘ಮಾಡೆಲ್ ನಂಬರ್’ ಅಂತ ಇದೆ. ಮೊದಲು ಉದ್ದದ ನಂಬರ್ ಕಾಣುತ್ತದೆ, ಅದರ ಕೊನೆಯಲ್ಲಿ, ‘/ಎ’ಗೆ ಮುಂಚೆ, ಎಲ್‌ಎಲ್ ಇದ್ದರೆ ಅಮೆರಿಕಕ್ಕೆ ಮಾಡಿದ್ದು, ಎಚ್‌ಎನ್ ಇದ್ದರೆ ಭಾರತದ್ದು. ಅದರ ಮೇಲೆ ಒಮ್ಮೆ ಒತ್ತಿದರೆ ‘ಎ’ ಇಂದ ಶುರುವಾಗುವ ನಾಲ್ಕಂಕಿಯ ನಂಬರ್ ಬರುತ್ತದೆ. ಅದನ್ನು ನನಗೆ ಕಳಿಸಿ. ಅದೇ ಪುಟದಲ್ಲಿ ಕೆಳಗೆ ‘ಕ್ಯಾರಿಯರ್ ಲಾಕ್’ ಅಂತ ಇರುತ್ತದೆ, ಎದುರಿಗೆ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಇದ್ದರೆ ಮಾತ್ರ ನಿಜವಾಗಿ ಅನ್‌ಲಾಕ್. ಎರಡರ ಫೋಟೋ ಕೇಳಿ. ಬಾಯಿ ಮಾತಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ (ಅವರೇ, ಎರಡು ದಿನದ ನಂತರ):

ಭಾವ ಫೋಟೋ ಕಳಿಸಿದರು. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಲೇ ಇದೆ. ಮಾಡೆಲ್ ಎ2111.

ಉತ್ತರ:

ಹಾಗಾದರೆ ಭಾವ ಸುಳ್ಳು ಹೇಳಿಲ್ಲ, ಅದು ಸರಿಯಾಗಿ ಅನ್‌ಲಾಕ್ ಆದ ಫೋನೇ. ಆದರೆ ಎ2111ರಲ್ಲಿ ಬ್ಯಾಂಡ್ 28 ಇಲ್ಲ ಅಕ್ಕಾ. ಅದೇ ಐಫೋನ್ 11, ಎ2221 ಅಂತ ಇನ್ನೊಂದು ಮಾಡೆಲ್ ಇದೆ, ಅದರಲ್ಲಿ 28 ಇದೆ. ಹೊರಗಿಂದ ನೋಡಿದರೆ ಎರಡೂ ಒಂದೇ. ಮುಂಚೆ ಐಫೋನ್ 6ರಲ್ಲೂ ಹೀಗೇ ಇತ್ತು, ಎ1549ರಲ್ಲಿ ಬ್ಯಾಂಡ್ 40 ಇರಲಿಲ್ಲ, ಎ1586ರಲ್ಲಿ ಇತ್ತು. ಹೆಸರು ಒಂದೇ ಅಂತ ಸುಮ್ನೆ ನಂಬಬಾರದು.

ಬೇಡ ಅನ್ನುವ ಮೊದಲು ಒಂದು ಕೆಲಸ ಮಾಡಿ. ಪಕ್ಕದ ಮನೆಯಲ್ಲಿ ಬಿಎಸ್‌ಎನ್‌ಎಲ್ ಸಿಮ್ ಇರುವ ಆಂಡ್ರಾಯ್ಡ್ ಫೋನ್ ಇದ್ದರೆ ಅದಕ್ಕೆ ನೆಟ್‌ಮಾನ್‌ಸ್ಟರ್ ಅನ್ನುವ ಆ್ಯಪ್ ಹಾಕಿ ನೋಡಿ. ಈಗ ಯಾವ ಬ್ಯಾಂಡ್ ಹಿಡಿದಿದೆ ಅಂತ ತೋರಿಸುತ್ತದೆ. ಜಗಲಿಯಲ್ಲಿ ನೋಡಿದರೆ ಸಾಲದು. ಅಪ್ಪ ಇರುವ ಕಡೆ ನೋಡಿ, ತೋಟದ ಕೆಳಗಿನ ತುದಿಯಲ್ಲಿ, ಪಂಪ್‌ಸೆಟ್ ಹತ್ತಿರ. ಅಲ್ಲಿ ಬ್ಯಾಂಡ್ 1 ಸಿಕ್ಕಿದರೆ ಎ2111 ಕೂಡ ನಡೆಯುತ್ತದೆ.

ಪ್ರಶ್ನೆ (ತೀರ್ಥಹಳ್ಳಿ):

ಅಣ್ಣಾ, ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರ ಹೊರದೇಶದಿಂದ ತಂದ ಹಳೆ ಆಂಡ್ರಾಯ್ಡ್ ಇದೆ. ಜಿಯೋ ಸಿಮ್ ಹಾಕಿದರೆ ನೆಟ್ ಚೆನ್ನಾಗಿ ಓಡುತ್ತದೆ, ವಾಟ್ಸಾಪ್ ಎಲ್ಲ ಬರುತ್ತದೆ, ಆದರೆ ಮಾಮೂಲಿ ಕಾಲ್ ಮಾತ್ರ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಸಿಮ್ ಬದಲಾಯಿಸಿದೆ, ರೀಸೆಟ್ ಮಾಡಿದೆ. ಏನು ಕಾರಣ?

ಉತ್ತರ:

ಬ್ಯಾಂಡ್ ಇದೆ, ವೋಎಲ್‌ಟಿಇ ಇಲ್ಲ. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, 2016ರಲ್ಲಿ ಶುರುವಾದಾಗಿಂದ ಮಾತೂ 4ಜಿ ಮೇಲೆಯೇ ಹೋಗಬೇಕು, ಅದಕ್ಕೇ ವೋಎಲ್‌ಟಿಇ ಅನ್ನುವುದು. ಭಾರತದಲ್ಲಿ ಮಾರದ ಮಾಡೆಲ್ ಆದರೆ ಕಂಪನಿ ಅದರ ಸಾಫ್ಟ್‌ವೇರಿನಲ್ಲಿ ನಮ್ಮ ನೆಟ್‌ವರ್ಕಿಗೆ ಎಷ್ಟೋ ಸಲ ವೋಎಲ್‌ಟಿಇ ತೆರೆದಿರುವುದಿಲ್ಲ. ಏರ್‌ಟೆಲ್ ಹಾಕಿ ನೋಡಿ. ಅವರು 2020ರಲ್ಲಿ 3ಜಿ ನಿಲ್ಲಿಸಿದರು, ಆದರೆ 2ಜಿ ಉಳಿಸಿಕೊಂಡಿದ್ದಾರೆ, ಕಾಲ್ ಅದಕ್ಕೆ ಇಳಿದು ಹೋಗುತ್ತದೆ. ಬಿಎಸ್‌ಎನ್‌ಎಲ್‌ನಲ್ಲೂ 2ಜಿ ಇರುವ ಟವರ್ ಆದರೆ ತೊಂದರೆ ಇಲ್ಲ. ಟವರಿನಲ್ಲಿ 4ಜಿ ಒಂದೇ ಇದ್ದರೆ ನಿಮಗೆ ಜಿಯೋದ ಕಥೆಯೇ ಆಗುತ್ತದೆ. ಹಾಗಾಗಿ ಹಳೆ ಫೋನ್ ತಗೊಳ್ಳುವಾಗ ನೆಟ್ ಬಂತು ಅಂತ ಎದ್ದು ಬರಬೇಡಿ. ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿ ಒಂದು ಕಾಲ್ ಮಾಡಿ, ಒಂದು ಕಾಲ್ ಬರಿಸಿಕೊಳ್ಳಿ, ಎರಡು ನಿಮಿಷ ಮಾತಾಡಿ.

ಪ್ರಶ್ನೆ (ಶಿವಮೊಗ್ಗ, ಕಾಲೇಜು ವಿದ್ಯಾರ್ಥಿ):

ಅಣ್ಣಾ, ಸೆಕೆಂಡ್ ಹ್ಯಾಂಡ್ ಫೋನ್ ಒಂದರಲ್ಲಿ ‘ಬೂಟ್‌ಲೋಡರ್ ಅನ್‌ಲಾಕ್’ ಅಂತ ಬರೆದಿದ್ದಾರೆ. ಇದೂ ಅದೇನಾ? ಇನ್ನೊಬ್ಬರು ಐಫೋನ್ 6 ತುಂಬಾ ಕಡಿಮೆಗೆ ಕೊಡುತ್ತೇನೆ ಅಂದರು.

ಉತ್ತರ:

ಅದಲ್ಲ ತಮ್ಮಾ. ಅದು ಫೋನಿನ ಸಾಫ್ಟ್‌ವೇರನ್ನೇ ಬದಲಾಯಿಸಲು ತೆಗೆದ ಬೀಗ. ಸಿಮ್ಮಿಗೂ ಅದಕ್ಕೂ ಸಂಬಂಧ ಇಲ್ಲ. ಅಂಥ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಐಫೋನ್ 6 ಬೇಡ. 2025ರ ಮೇ ತಿಂಗಳಿಂದ ವಾಟ್ಸಾಪ್‌ಗೆ ಐಫೋನಿನ ಸಾಫ್ಟ್‌ವೇರ್ ಐಓಎಸ್ 15.1 ಬೇಕು, ಆ ಫೋನ್ ಐಓಎಸ್ 12ಕ್ಕೇ ನಿಂತಿದೆ.

ತಗೊಳ್ಳುವ ಮುಂಚೆ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಕದ್ದ ಮಾಲು ಅಂತ ಬ್ಲಾಕ್ ಆಗಿದೆಯಾ, ಡೂಪ್ಲಿಕೇಟಾ ಅಂತ ಗೊತ್ತಾಗುತ್ತದೆ. ನೆಟ್ ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡು. ಬಿಲ್ ಇಲ್ಲದೆ ಮಾತ್ರ ತಗೋಬೇಡ. ಮಾರುವವರ ಎದುರಿಗೇ ಅವರ ಗೂಗಲ್ ಅಥವಾ ಆ್ಯಪಲ್ ಅಕೌಂಟ್ ತೆಗೆಸು, ಆಮೇಲೆ ರೀಸೆಟ್ ಮಾಡಿಸು. ಅಕೌಂಟ್ ಉಳಿದರೆ ಆ ಫೋನ್ ಇನ್ನೂ ಅವರದ್ದೇ.

ಇನ್ನು ಸಿಮ್ ಟ್ರೇ ಎಳೆದು ನೋಡು. ಸಿಮ್ಮಿನ ಕೆಳಗೆ ಕೂದಲಿನಷ್ಟು ತೆಳುವಾದ ಒಂದು ಚಿಪ್ ಅಂಟಿಸಿದ್ದರೆ ಆ ಫೋನ್ ಅನ್‌ಲಾಕ್ ಆಗಿಲ್ಲ, ಬೀಗಕ್ಕೆ ಮೋಸ ಮಾಡಿದ್ದಾರೆ ಅಷ್ಟೇ. ಒಂದು ಅಪ್‌ಡೇಟ್ ಬಂದರೆ ಸತ್ತು ಹೋಗುತ್ತದೆ. ಅದೇ ಸಂದಿಗೆ ಟಾರ್ಚ್ ಬಿಡು. ಐಫೋನ್ ಆದರೆ ಒಳಗೆ ಸಣ್ಣ ಬಿಳಿ ಚುಕ್ಕೆ ಕಾಣಬೇಕು. ಕೆಂಪಾಗಿದ್ದರೆ ನೀರು ಕುಡಿದಿದೆ ಅಂತ ಅರ್ಥ. ನಮ್ಮ ಮಳೆಯಲ್ಲಿ ಜೇಬಿನಲ್ಲಿದ್ದು ಒದ್ದೆಯಾದ ಫೋನ್ ಒರೆಸಿ ಮಾರುವವರು ಬಹಳ ಜನ ಇದ್ದಾರೆ, ಈ ಚುಕ್ಕೆಯನ್ನು ಮಾತ್ರ ಒರೆಸೋಕಾಗಲ್ಲ.

ಪ್ರಶ್ನೆ (ಆಗುಂಬೆ ಕಡೆಯಿಂದ):

ನಮ್ಮಲ್ಲಿ ಮನೆಯೊಳಗೆ ಯಾವ ಸಿಗ್ನಲ್ಲೂ ಇಲ್ಲ, ಫೈಬರ್ ಇಂಟರ್‌ನೆಟ್ ಇದೆ. ಯಾವ ಬ್ಯಾಂಡ್ ನೋಡಬೇಕು?

ಉತ್ತರ:

ನಿಮಗೆ ಬ್ಯಾಂಡಿಗಿಂತ ವೈಫೈ ಕಾಲಿಂಗ್ ಮುಖ್ಯ ಸರ್, ಅಂದರೆ ಟವರ್ ಬದಲು ಮನೆಯ ವೈಫೈ ಮೇಲೆ ಮಾಮೂಲಿ ಕಾಲ್ ಹೋಗುವುದು. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ. ಫೋನಿನ ಸೆಟ್ಟಿಂಗಿನಲ್ಲಿ ಆ ಆಯ್ಕೆ ಇದೆಯಾ, ನಿಮ್ಮ ಸಿಮ್ ಹಾಕಿದಾಗ ಆನ್ ಆಗುತ್ತದಾ ನೋಡಿ ತಗೊಳ್ಳಿ. ರೂಟರಿಗೆ ಒಂದು ಸಣ್ಣ ಯುಪಿಎಸ್ ಇಡಿ. ಜೂನ್ ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಕಾಲೂ ಹೋಗುತ್ತದೆ.

ಪ್ರಶ್ನೆ (ಮೊದಲು ಕೇಳಿದ ಹೊಸನಗರ ತಾಲ್ಲೂಕಿನವರು, ಭಾನುವಾರ):

ಅಣ್ಣಾ, ನೋಡಿದೆವು. ಪಕ್ಕದ ಮನೆ ಹುಡುಗ ಫೋನ್ ಹಿಡಿದು ಅಪ್ಪನ ಜೊತೆ ತೋಟ ಪೂರ್ತಿ ಸುತ್ತಿದ. ಅಂಗಳದಲ್ಲಿ ಒಂದೊಂದು ಸಲ ಬ್ಯಾಂಡ್ 1 ಬಂತು. ಅಡಿಕೆ ಸಾಲಿನೊಳಗೆ ಇಳಿದ ಮೇಲೆ ಬರೀ 28. ಪಂಪ್‌ಸೆಟ್ ಹತ್ತಿರವೂ 28, ಎರಡು ಕಡ್ಡಿ. ಹಾಗಾದರೆ ಬೇಡ ಅಲ್ವಾ? ತಮ್ಮ ಶಿವಮೊಗ್ಗದಲ್ಲಿ ಓದುತ್ತಿದ್ದಾನೆ, ಅವನದು ಜಿಯೋ. ಅವನಿಗೆ ಆಗುತ್ತದಾ?

ಉತ್ತರ:

ಅಪ್ಪನಿಗೆ ಬೇಡವೇ ಬೇಡ. ಅಂಗಳದಲ್ಲಿ ಫೋನ್ ರಿಂಗಾಗಿ ತೋಟದಲ್ಲಿ ಸಿಗದಿದ್ದರೆ ನೀವು ಅಂದುಕೊಂಡ ಧೈರ್ಯ ಎಲ್ಲಿ ಬಂತು? ತಮ್ಮನಿಗೆ ಧಾರಾಳವಾಗಿ ತರಿಸಿ. ಜಿಯೋ 4ಜಿ ಬ್ಯಾಂಡ್ 3, 5, 40, ಮೂರೂ ಎ2111ರಲ್ಲಿ ಇವೆ. ಐಫೋನ್ 11ರಲ್ಲಿ 5ಜಿ ಇಲ್ಲ ಅನ್ನುವುದು ಅವನಿಗೆ ಮೊದಲೇ ಗೊತ್ತಿರಲಿ. ಬ್ಯಾಟರಿ ಹೆಲ್ತ್ ಎಷ್ಟಿದೆ ಅಂತ ಭಾವನನ್ನು ಕೇಳಿ, 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿ ಖರ್ಚು ಕಳೆದು ರೇಟ್ ಮಾತಾಡಿ.

ಅಪ್ಪನಿಗೆ ಇಲ್ಲೇ ಮಾರಿದ, ಬ್ಯಾಂಡ್ 28 ಇರುವ ಆಂಡ್ರಾಯ್ಡ್ ನೋಡೋಣ. ಪೇಟೆಗೆ ಬರುವ ದಿನ ಅಪ್ಪನ ಬಿಎಸ್‌ಎನ್‌ಎಲ್ ಸಿಮ್ ತೆಗೆದುಕೊಂಡು ಬನ್ನಿ. ಅಂಗಡಿಯಲ್ಲಿ ಇರುವ ಎರಡು ಮೂರು ಹಳೆ ಫೋನಿಗೆ ಹಾಕಿ ಕಾಲ್ ಮಾಡಿ ನೋಡೋಣ. ಸರಿ ಅನ್ನಿಸಿದ್ದನ್ನು ಮನೆಗೆ ಒಯ್ಯಿರಿ, ನಾಲ್ಕು ದಿನ ಅಪ್ಪ ತೋಟದಲ್ಲಿ ಇಟ್ಟುಕೊಳ್ಳಲಿ. ಪಂಪ್‌ಸೆಟ್ ಹತ್ತಿರ ನಿಂತು ನಿಮಗೆ ಫೋನ್ ಮಾಡಿದ ಮೇಲೆ ದುಡ್ಡು ಕೊಡಿ.